ವಿಜಯಪುರ: ಗುಮ್ಮಟದ ನಗರಿಗೆ ಹೋಗುವ ಬಗೆ, ಸುತ್ತುವ ಬಗೆ

ವಿಜಯಪುರ: ದಕ್ಷಿಣ ದಿಕ್ಕಿನಿಂದ ಬರುವ ರೈಲು ಊರನ್ನು ಸಮೀಪಿಸುತ್ತಿದ್ದಂತೆಯೇ ಬೋಗಿಯೊಳಗಿನ ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. ಬಯಲುಸೀಮೆಯ ಕಪ್ಪು ನೆಲದ ಮೇಲೆ, ಮನೆಗಳ ಸಾಲಿನಾಚೆ, ದೊಡ್ಡದೊಂದು ಅರೆಗೋಳ ಕಾಣಿಸಿಕೊಂಡಿರುತ್ತದೆ. ನಿಲ್ದಾಣ ಬರುವ ಮೊದಲೇ ಊರಿನ ಪ್ರಮುಖ ಸ್ಮಾರಕ ಪ್ರಯಾಣಿಕನನ್ನು ಎದುರುಗೊಳ್ಳುವ ಇಂತಹ ಭಾಗ್ಯ ನಾಡಿನ ಹೆಚ್ಚು ನಗರಗಳಿಗಿಲ್ಲ.

ಆದರೆ ಇದೇ ಭಾಗ್ಯವು ಊರಿನ ಪಾಲಿಗೆ ಸಂಕಟವೂ ಆಗಿದೆ. ಬಾದಾಮಿಯಿಂದ ಸೊಲ್ಲಾಪುರ, ಪಂಢರಪುರಗಳ ಕಡೆಗೆ ಸಾಗುವ ಪ್ರವಾಸಿ ಬಸ್ಸುಗಳು ಗೋಳಗುಮ್ಮಟದ ಎದುರು ನಿಲ್ಲುತ್ತವೆ. ಜನ ಇಳಿದು ಮೇಲೇರಿ, ಒಮ್ಮೆ ಕೂಗಿ, ಕೆಳಗಿಳಿದು ಚಹಾ ಕುಡಿದು ಮತ್ತೆ ಬಸ್ಸೇರುತ್ತಾರೆ. ಎರಡು ಗಂಟೆಗಳಲ್ಲಿ ವಿಜಯಪುರ 'ಮುಗಿಯುತ್ತದೆ'. ಸುಮಾರು ಎರಡು ಶತಮಾನಗಳ ಕಾಲ ದಖನ್ನಿನ ದೊಡ್ಡ ರಾಜಧಾನಿಗಳಲ್ಲಿ ಒಂದಾಗಿದ್ದ ಊರಿಗೆ ಇದು ನ್ಯಾಯವಲ್ಲ. ದೂರದಿಂದ ಹಣ ತೆತ್ತು ಬಂದ ಪ್ರವಾಸಿಗೂ ನ್ಯಾಯವಲ್ಲ. ಕನಿಷ್ಠ ಒಂದು ಪೂರ್ಣ ದಿನವನ್ನಾದರೂ ಇಲ್ಲಿ ಕಳೆಯಲು ಬಯಸುವವರಿಗಾಗಿ ಈ ಮಾಹಿತಿ.

ಊರಿನ ಕಿರುಪರಿಚಯ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ವಿಜಯಪುರ ಎಂಬ ಹೆಸರು ಈ ಊರಿಗಿತ್ತು. ಬಹಮನಿ ರಾಜ್ಯ ಒಡೆಯತೊಡಗಿದಾಗ, 1489-90ರ ವೇಳೆಗೆ, ಯೂಸುಫ್ ಆದಿಲ್ ಖಾನ್ ಇಲ್ಲಿ ಸ್ವತಂತ್ರ ಆಳ್ವಿಕೆಗೆ ಅಡಿಪಾಯ ಹಾಕಿದ. ಆದಿಲ್‌ಶಾಹಿ ಎಂದು ಕರೆಯಲ್ಪಡುವ ಈ ಮನೆತನ 1686ರವರೆಗೆ ಆಳಿತು. ಆ ವರ್ಷ ಮೊಘಲ್ ಚಕ್ರವರ್ತಿ ಔರಂಗಜೇಬನ ಸೇನೆ ನಗರವನ್ನು ವಶಪಡಿಸಿಕೊಂಡಿತು. ಬಳಿಕ ಊರು ಕ್ರಮೇಣ ಬಡವಾಯಿತು. ಬ್ರಿಟಿಷರ ಕಾಲದಲ್ಲಿ, 1885ರಲ್ಲಿ, ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ವರ್ಗವಾದ ಮೇಲೆ ಪುನಃ ಜೀವ ಪಡೆಯಿತು. ಬಿಜಾಪುರ ಎಂದೇ ಬಹುಕಾಲ ಪ್ರಸಿದ್ಧವಾಗಿದ್ದ ನಗರದ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ ಎಂದಾಗಿದೆ. ಹಳೆಯ ನಕಾಶೆ, ಪುಸ್ತಕಗಳಲ್ಲಿ ಬಿಜಾಪುರ ಎಂದೇ ಹುಡುಕಬೇಕು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ವಿಜಯಪುರ ಎಂಬ ಪಟ್ಟಣವಿರುವುದರಿಂದ, ಬಸ್ ಅಥವಾ ವಸತಿಗೃಹವನ್ನು ಅಂತರ್ಜಾಲದಲ್ಲಿ ಕಾಯ್ದಿರಿಸುವವರು ಜಿಲ್ಲೆಯ ಹೆಸರನ್ನು ಎರಡು ಬಾರಿ ನೋಡಿಕೊಳ್ಳುವುದು ಒಳಿತು.

ರೈಲಿನಲ್ಲಿ ಬರುವವರಿಗೆ

ವಿಜಯಪುರವು ಗದಗ-ಹೋಟಗಿ ರೈಲು ಮಾರ್ಗದಲ್ಲಿದೆ. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಲಾದ ಈ ಮಾರ್ಗ ದೀರ್ಘಕಾಲ ಮೀಟರ್ ಗೇಜ್ ಆಗಿಯೇ ಉಳಿದಿತ್ತು. ಹಂತಹಂತವಾಗಿ ನಡೆದ ಗೇಜ್ ಪರಿವರ್ತನೆ 2000ರ ದಶಕದ ಕೊನೆಗೆ ಪೂರ್ಣಗೊಂಡ ನಂತರವೇ ಬೆಂಗಳೂರು, ಮುಂಬಯಿಗಳ ನೇರ ಸಂಪರ್ಕ ಸುಗಮವಾಯಿತು.

ಬೆಂಗಳೂರು ಹಾಗೂ ಮೈಸೂರು ಕಡೆಯಿಂದ ಬರುವವರಿಗೆ ಅನುಕೂಲವಾದ ರೈಲು ಗೋಳಗುಮ್ಮಟ ಎಕ್ಸ್‌ಪ್ರೆಸ್. ಮೈಸೂರಿನಿಂದ ಹೊರಟು, ಸಂಜೆ ಬೆಂಗಳೂರು ಬಿಟ್ಟು, ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ ಮಾರ್ಗವಾಗಿ ಮರುದಿನ ಬೆಳಿಗ್ಗೆ ವಿಜಯಪುರ ತಲುಪುತ್ತದೆ. ಮುಂದೆ ಸೊಲ್ಲಾಪುರದ ಕಡೆಗೆ ಸಾಗಿ ಪಂಢರಪುರಕ್ಕೆ ಹೋಗುತ್ತದೆ. ಬೆಳಗಿನ ಹೊತ್ತು ಎಚ್ಚರವಾಗಿದ್ದರೆ ಆಲಮಟ್ಟಿಯ ಬಳಿ ಕೃಷ್ಣಾ ನದಿಯ ಸೇತುವೆಯ ಮೇಲಿಂದ ಹಿನ್ನೀರಿನ ವಿಸ್ತಾರವನ್ನು ನೋಡಬಹುದು.

ಮೈಸೂರು-ಬಾಗಲಕೋಟೆ ನಡುವಿನ ಬಸವ ಎಕ್ಸ್‌ಪ್ರೆಸ್ ಕೂಡ ವಿಜಯಪುರದ ಮೂಲಕವೇ ಸಾಗುತ್ತದೆ. ಆದರೆ ಅದು ರಾಯಚೂರು, ಕಲಬುರಗಿ, ಸೊಲ್ಲಾಪುರಗಳನ್ನು ಬಳಸಿ ಬರುವ ಸುತ್ತು ದಾರಿ. ಕಲಬುರಗಿ ಕಡೆಯವರಿಗೆ ಉಪಯುಕ್ತ. ಬೆಂಗಳೂರಿನವರು ಟಿಕೆಟ್ ಪಡೆಯುವ ಮುನ್ನ ಪ್ರಯಾಣದ ಅವಧಿಯನ್ನು ನೋಡಿಕೊಳ್ಳಬೇಕು. ಮುಂಬಯಿಯಿಂದ ಬರುವ ಕನ್ನಡಿಗರಿಗೆ ಸೊಲ್ಲಾಪುರ ಮಾರ್ಗದ ನೇರ ರೈಲುಗಳಿವೆ. ಮಂಗಳೂರಿನಿಂದ ಹಾಸನ, ಹುಬ್ಬಳ್ಳಿ ಮೂಲಕವೂ ನೇರ ರೈಲಿದೆ. ಹುಬ್ಬಳ್ಳಿಯಿಂದ ಹಗಲು ರೈಲುಗಳೂ ಇವೆ. ಹೈದರಾಬಾದ್, ಪುಣೆ, ಚೆನ್ನೈ ಕಡೆಯವರಿಗೆ ನೇರ ರೈಲು ಹೊಂದದಿದ್ದರೆ ಸೊಲ್ಲಾಪುರದವರೆಗೆ ಬಂದು ಅಲ್ಲಿಂದ ಬಸ್ ಹಿಡಿಯುವುದು ಸುಲಭ. ವೇಳಾಪಟ್ಟಿ ಆಗಾಗ ಪರಿಷ್ಕರಣೆಯಾಗುವುದರಿಂದ ಹೊರಡುವ ಮುನ್ನ ರೈಲ್ವೆಯ ಜಾಲತಾಣದಲ್ಲಿ ಅಥವಾ 139ರಲ್ಲಿ ವಿಚಾರಿಸಿಕೊಳ್ಳಬೇಕು.

ನಿಲ್ದಾಣವು ನಗರದ ಪೂರ್ವ ಅಂಚಿನಲ್ಲಿದ್ದು, ಅಲ್ಲಿಂದ ಗೋಳಗುಮ್ಮಟಕ್ಕೆ ಕಾಲ್ನಡಿಗೆಯ ದಾರಿ. ಸಾಮಾನು ಹಗುರವಾಗಿದ್ದರೆ ವಾಹನದ ಅಗತ್ಯವೇ ಇಲ್ಲ.

ರಸ್ತೆಯ ಮೂಲಕ

ಎರಡು ರಾಷ್ಟ್ರೀಯ ಹೆದ್ದಾರಿಗಳು ಇಲ್ಲಿ ಸಂಧಿಸುತ್ತವೆ. ಸೊಲ್ಲಾಪುರದಿಂದ ಬಂದು ಹುಬ್ಬಳ್ಳಿ, ಅಂಕೋಲಾ ಕಡೆಗೆ ಸಾಗುವುದು ಹೆದ್ದಾರಿ 52. ಬೀದರ್, ಕಲಬುರಗಿ, ಸಿಂದಗಿಯಿಂದ ಬಂದು ಹುನಗುಂದ, ಕುಷ್ಟಗಿ, ಹೊಸಪೇಟೆ ಮೂಲಕ ಚಿತ್ರದುರ್ಗ ಸೇರುವುದು ಹೆದ್ದಾರಿ 50. ಬೆಂಗಳೂರಿನಿಂದ ಸ್ವಂತ ವಾಹನದಲ್ಲಿ ಬರುವವರು ಚಿತ್ರದುರ್ಗದಿಂದ ಈ ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ಹಂಪಿಯನ್ನು ನೋಡಿ ವಿಜಯಪುರಕ್ಕೆ ಬರುವವರಿಗೂ ಇದೇ ನೇರ ದಾರಿ. 1565ರ ಯುದ್ಧದಲ್ಲಿ ಎದುರಾಳಿಗಳಾಗಿದ್ದ ಎರಡು ರಾಜಧಾನಿಗಳನ್ನು ಇಂದು ಅರ್ಧ ದಿನದ ರಸ್ತೆ ಬೆಸೆದಿದೆ.

ಸುಮಾರು ಅಂತರ ಹೀಗಿದೆ: ಬೆಂಗಳೂರಿನಿಂದ 530 ಕಿ.ಮೀ., ಹುಬ್ಬಳ್ಳಿಯಿಂದ 200, ಬೆಳಗಾವಿಯಿಂದ 210, ಕಲಬುರಗಿಯಿಂದ 160, ಬಾದಾಮಿಯಿಂದ 120, ಸೊಲ್ಲಾಪುರದಿಂದ 100 ಕಿ.ಮೀ.

ವಿಜಯಪುರ ವಿಭಾಗದ ಸರ್ಕಾರಿ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿವೆ. 2021ರವರೆಗೆ ಇದು ಈಶಾನ್ಯ ಕರ್ನಾಟಕ ಸಾರಿಗೆ ಎಂಬ ಹೆಸರಿನಲ್ಲಿತ್ತು. ಬೆಂಗಳೂರಿಗೆ ರಾತ್ರಿ ಬಸ್ಸುಗಳು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಸೊಲ್ಲಾಪುರಗಳಿಗೆ ದಿನವಿಡೀ ಬಸ್ಸುಗಳು ದೊರೆಯುತ್ತವೆ. ಪುಣೆ, ಹೈದರಾಬಾದ್, ಮುಂಬಯಿಗಳಿಗೂ ಸೇವೆಯಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ನಗರ ಸಾರಿಗೆ, ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸಬಹುದು. ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಐಷಾರಾಮಿ ಬಸ್ಸುಗಳಿಗೆ ಮತ್ತು ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಇದು ಅನ್ವಯಿಸದು. ಸೊಲ್ಲಾಪುರದ ಬಸ್ ಏರುವವರು ಇದನ್ನು ಗಮನಿಸಬೇಕು.

ಕೇಂದ್ರ ಬಸ್ ನಿಲ್ದಾಣವು ಊರಿನ ನಡುವೆ, ಹಳೆಯ ಅರಕಿಲ್ಲೆಯ ಮಗ್ಗುಲಲ್ಲಿಯೇ ಇದೆ. ಗಾಂಧಿ ಚೌಕ ಮತ್ತು ಮಾರುಕಟ್ಟೆಗೆ ಇಲ್ಲಿಂದ ನಡೆದೇ ಹೋಗಬಹುದು.

ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ ಮತ್ತು ಬೆಳಗಾವಿ ಭರವಸೆಯ ನಿಲ್ದಾಣಗಳು. ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತಾದರೂ ಅಲ್ಲಿಂದ ಯಾವ ಊರಿಗೆ ಸೇವೆಯಿದೆ ಎಂಬುದು ಬದಲಾಗುತ್ತಲೇ ಬಂದಿದೆ. ವಿಜಯಪುರದ ಹೊರವಲಯದ ಬುರಣಾಪುರದ ಬಳಿಯ ವಿಮಾನ ನಿಲ್ದಾಣವಂತೂ ಜಿಲ್ಲೆಯ ಜನರ ಬಹುಕಾಲದ ನಿರೀಕ್ಷೆ. ಪ್ರವಾಸದ ಯೋಜನೆಯನ್ನು ನಿರೀಕ್ಷೆಯ ಮೇಲೆ ಕಟ್ಟದೆ, ಟಿಕೆಟ್ ದೊರೆಯುವ ನಿಲ್ದಾಣದ ಮೇಲೆ ಕಟ್ಟುವುದು ಜಾಣತನ.

ಊರಿನ ನಕ್ಷೆ ಮನಸ್ಸಿನಲ್ಲಿರಲಿ

ವಿಜಯಪುರವನ್ನು ಸುತ್ತುವುದು ಕಷ್ಟವಲ್ಲ. ಎರಡು ಸುತ್ತಿನ ಕೋಟೆಯನ್ನು ಕಲ್ಪಿಸಿಕೊಂಡರೆ ಸಾಕು. ಹೊರಗಿನ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ.; ಒಂದನೆಯ ಅಲಿ ಆದಿಲ್‌ಶಾಹನ ಕಾಲದ್ದು. ಅದರ ನಡುವೆ ಅರಮನೆಗಳಿದ್ದ ಒಳಕೋಟೆ, ಅಂದರೆ ಅರಕಿಲ್ಲೆ. ಪೂರ್ವ ತುದಿಯಲ್ಲಿ ಗೋಳಗುಮ್ಮಟ, ಪಶ್ಚಿಮದಲ್ಲಿ ಮೆಕ್ಕಾ ದರವಾಜೆಯಾಚೆ ಇಬ್ರಾಹಿಂ ರೋಜಾ. ಇವೆರಡರ ನಡುವೆ ನಾಲ್ಕೈದು ಕಿ.ಮೀ. ಅಂತರ. ರೈಲು ನಿಲ್ದಾಣದಿಂದ ಗೋಳಗುಮ್ಮಟದ ಮುಂದೆ ಹಾದು ಗಾಂಧಿ ಚೌಕದ ಮೂಲಕ ಪಶ್ಚಿಮಕ್ಕೆ ಸಾಗುವ ರಸ್ತೆಯೇ ಊರಿನ ಬೆನ್ನೆಲುಬು. ಬಹುಪಾಲು ಸ್ಮಾರಕಗಳು ಈ ರಸ್ತೆಯ ಎಡಬಲಕ್ಕೆ ಇವೆ.

ಈ ದಾರಿಯಲ್ಲಿ ನಗರ ಸಾರಿಗೆ ಬಸ್ಸುಗಳು ಓಡಾಡುತ್ತವೆ. ಆಟೋಗಳು ಧಾರಾಳ. ಒಂದೊಂದು ಸ್ಥಳಕ್ಕೂ ಬೇರೆ ಬೇರೆ ಆಟೋ ಹಿಡಿಯುವುದಕ್ಕಿಂತ, ಅರ್ಧ ದಿನಕ್ಕೆ ಒಂದೇ ಆಟೋ ಮಾತಾಡಿಕೊಂಡರೆ ಹಣವೂ ಸಮಯವೂ ಉಳಿಯುತ್ತದೆ. ನೋಡಬೇಕಾದ ಸ್ಥಳಗಳ ಹೆಸರನ್ನೂ ಕಾಯುವ ಸಮಯವನ್ನೂ ಮೊದಲೇ ಹೇಳಿ ಬಾಡಿಗೆ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಗೋಳಗುಮ್ಮಟ, ತೋಪು, ರೋಜಾ ಎಂಬ ಮೂರು ಜಾಗಗಳಲ್ಲಿಯೇ ಸುತ್ತಾಟ ಮುಗಿದುಬಿಡುವುದುಂಟು.

ವಿಜಯಪುರದ ಟಾಂಗಾಗಳು ಒಂದು ಕಾಲಕ್ಕೆ ಹೆಸರುವಾಸಿ. ಆಟೋಗಳ ಭರಾಟೆಯಲ್ಲಿ ಅವುಗಳ ಸಂಖ್ಯೆ ತೀರ ಇಳಿದಿದೆ. ಗೋಳಗುಮ್ಮಟದ ಎದುರು ಟಾಂಗಾ ಕಂಡರೆ, ಬಿಸಿಲು ಏರುವ ಮೊದಲು ಒಂದು ಸುತ್ತು ಹಾಕಬಹುದು. ಬೇಸಿಗೆಯ ಮಧ್ಯಾಹ್ನ ಕುದುರೆಯನ್ನು ದುಡಿಸಬೇಡಿ. ಹೆಚ್ಚು ಜನ ಹತ್ತಿ ಕೂರಬೇಡಿ.

ಮೊದಲು ಗೋಳಗುಮ್ಮಟ: ಆದರೆ ಯಾವಾಗ?

ಏಳನೆಯ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627-1656) ಸಮಾಧಿಯೇ ಗೋಳಗುಮ್ಮಟ. ಪ್ರತಿ ಬದಿಯೂ ಸುಮಾರು 47.5 ಮೀಟರ್ ಇರುವ ಘನಾಕಾರದ ಕಟ್ಟಡದ ಮೇಲೆ, ಹೊರಗಿನ ಅಳತೆಯಲ್ಲಿ 44 ಮೀಟರ್ ವ್ಯಾಸದ ಗುಮ್ಮಟ ಕುಳಿತಿದೆ. ಒಳಗೆ ಒಂದೂ ಕಂಬವಿಲ್ಲ. ಚೌಕದ ಮೇಲೆ ವೃತ್ತವನ್ನು ನಿಲ್ಲಿಸುವ ಸಮಸ್ಯೆಯನ್ನು ಶಿಲ್ಪಿಗಳು ಪರಸ್ಪರ ಹೆಣೆದುಕೊಂಡ ಎಂಟು ಕಮಾನುಗಳ ಮೂಲಕ ಬಿಡಿಸಿದ್ದಾರೆ. ಕೆಳಗೆ ನಿಂತು ತಲೆಯೆತ್ತಿದರೆ ಈ ಕಮಾನುಗಳು ನಕ್ಷತ್ರಾಕಾರವಾಗಿ ಕೂಡಿಕೊಂಡು ಮೇಲಿನ ಭಾರವನ್ನು ಗೋಡೆಗಳಿಗೆ ದಾಟಿಸುವುದನ್ನು ಕಾಣಬಹುದು. ನಡುವಣ ಜಗಲಿಯ ಮೇಲೆ ಕಾಣುವುದು ಸಾಂಕೇತಿಕ ಗೋರಿಗಳು. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಅಷ್ಟಕೋನ ಗೋಪುರಗಳಿವೆ. ಅವುಗಳೊಳಗಿನ ಕಿರಿದಾದ ಸುತ್ತುಮೆಟ್ಟಿಲನ್ನೇರಿದರೆ ಗುಮ್ಮಟದ ಬುಡದ ಮೊಗಸಾಲೆ ಸಿಗುತ್ತದೆ. ಇದುವೇ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಎದುರು ದಿಕ್ಕಿನಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಏಳಕ್ಕೂ ಹೆಚ್ಚು ಬಾರಿ ಮರುದನಿಸುತ್ತದೆ.

ಇಲ್ಲಿಯೇ ಬಹುತೇಕ ಪ್ರವಾಸಿಗರು ಎಡವುವುದು. ಹತ್ತು ಗಂಟೆಯ ನಂತರ ಶಾಲಾ ಪ್ರವಾಸದ ಬಸ್ಸುಗಳು ಬಂದವೆಂದರೆ ಮೊಗಸಾಲೆಯ ತುಂಬ ಸಿಳ್ಳೆ, ಕೂಗಾಟ. ಎಲ್ಲರೂ ಕೂಗಿದಾಗ ಪಿಸುಮಾತು ಯಾರಿಗೂ ಕೇಳಿಸದು. ನೂರಾರು ಮೈಲಿ ದೂರದಿಂದ ಬಂದವರು ಗದ್ದಲವೊಂದನ್ನೇ ಕೇಳಿ ಇಳಿದು ಹೋಗುತ್ತಾರೆ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ವೇಳೆಗೇ ಹೋಗಬೇಕು. ಇಡೀ ಪ್ರವಾಸದಲ್ಲಿ ಒಂದೇ ಸಲಹೆಯನ್ನು ಪಾಲಿಸುವುದಾದರೆ ಅದು ಇದೇ ಆಗಿರಲಿ.

ಮೆಟ್ಟಿಲುಗಳು ಎತ್ತರವಾಗಿವೆ, ಕೆಲವೆಡೆ ಬೆಳಕು ಕಡಿಮೆ. ಮಂಡಿನೋವು, ಉಬ್ಬಸ, ಹೃದಯದ ತೊಂದರೆ ಇರುವ ಹಿರಿಯರನ್ನು ಒತ್ತಾಯಿಸಿ ಹತ್ತಿಸುವುದು ಸಲ್ಲದು. ಅವರು ಕೆಳಗಿನ ಸಭಾಂಗಣದಲ್ಲಿಯೇ ಕುಳಿತು ಗುಮ್ಮಟದ ವಿಸ್ತಾರವನ್ನು ಅನುಭವಿಸಬಹುದು. ಮೇಲಿನಿಂದ ಬರುವ ಮರುದನಿ ಅಲ್ಲಿಗೂ ಇಳಿದು ಬರುತ್ತದೆ. ಮೇಲೆ ಹೋಗುವವರು ಮಕ್ಕಳ ಕೈ ಬಿಡಬಾರದು.

ಮುಂಭಾಗದ ನಗಾರಖಾನೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳು, ವಿಗ್ರಹಗಳು, ಹಸ್ತಪ್ರತಿಗಳು, ಆಯುಧಗಳು, ಚೀನಿ ಪಿಂಗಾಣಿ ಇತ್ಯಾದಿ ಇಲ್ಲಿವೆ. ಶುಕ್ರವಾರ ಇದಕ್ಕೆ ರಜೆ. ಗೋಳಗುಮ್ಮಟ ಹಾಗೂ ಇಬ್ರಾಹಿಂ ರೋಜಾಗಳಿಗೆ ಪ್ರವೇಶ ಟಿಕೆಟ್ ಇದೆ. 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಊರಿನ ಉಳಿದ ಬಹುತೇಕ ಸ್ಮಾರಕಗಳಿಗೆ ಟಿಕೆಟ್ ಇಲ್ಲ.

ನಡುಊರಿನ ಸ್ಮಾರಕಗಳು

ಗೋಳಗುಮ್ಮಟದಿಂದ ನೈಋತ್ಯಕ್ಕೆ ಸಾಗಿದರೆ ಜುಮ್ಮಾ ಮಸೀದಿ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ಆರಂಭವಾದ ಈ ಮಸೀದಿಯ ನೆಲದ ಮೇಲೆ 2250 ಮಂದಿ ಪ್ರಾರ್ಥನೆಗೆ ನಿಲ್ಲಲು ಆಯತಾಕಾರದ ಗುರುತುಗಳನ್ನು ಹಾಕಲಾಗಿದೆ. ಇದು ಇಂದಿಗೂ ಪ್ರಾರ್ಥನೆ ನಡೆಯುವ ಸ್ಥಳ. ಪಾದರಕ್ಷೆ ಹೊರಗೆ ಬಿಟ್ಟು, ಮೈ ಮುಚ್ಚುವ ಉಡುಪಿನಲ್ಲಿ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಹೋಗದಿರುವುದು ಸೂಕ್ತ. ವಸ್ತುಸಂಗ್ರಹಾಲಯಕ್ಕೂ ಅಂದೇ ರಜೆಯಾದ್ದರಿಂದ, ಒಂದೇ ದಿನ ಇರುವವರು ಶುಕ್ರವಾರವನ್ನು ತಪ್ಪಿಸುವುದು ಮೇಲು.

ಅಲ್ಲಿಂದ ಅರಕಿಲ್ಲೆಯ ಕಡೆಗೆ ಬರುವ ದಾರಿಯಲ್ಲಿ ಮೆಹ್ತರ್ ಮಹಲ್ ಇದೆ. ಹೆಸರಿಗೆ ಮಹಲಾದರೂ ಇದೊಂದು ಮಸೀದಿಯ ಹೆಬ್ಬಾಗಿಲು. ಬಾಲ್ಕನಿಯನ್ನು ಹೊತ್ತ ಕಲ್ಲಿನ ತೋಳುಗಳ ಕೆತ್ತನೆ ಮರಗೆಲಸವೇನೋ ಎನ್ನಿಸುವಷ್ಟು ನಾಜೂಕು. ಅರಕಿಲ್ಲೆಯ ಪೂರ್ವಕ್ಕೆ ಕೊಳವೊಂದರ ಮುಂದೆ ನಿಂತಿರುವುದು 1646ರ ಸುಮಾರಿನ ಅಸಾರ್ ಮಹಲ್. ಮೊದಲು ನ್ಯಾಯದಾನದ ಸಭಾಂಗಣವಾಗಿದ್ದು, ನಂತರ ಪ್ರವಾದಿಯವರದೆಂದು ನಂಬಲಾದ ಪವಿತ್ರ ಕೇಶವನ್ನು ಇರಿಸಿದ ಸ್ಥಳವಾಯಿತು. ಇಲ್ಲಿ ಮಹಿಳೆಯರಿಗೆ ಒಳಗೆ ಪ್ರವೇಶವಿಲ್ಲದ ರೂಢಿಯಿದೆ. ಕುಟುಂಬ ಸಮೇತ ಹೋಗುವವರು ತಿಳಿದಿರಬೇಕು. ಎತ್ತರದ ಮರದ ಕಂಬಗಳ ಮುಂಭಾಗವನ್ನು ಹೊರಗಿನಿಂದ ಎಲ್ಲರೂ ನೋಡಬಹುದು.

ಅರಕಿಲ್ಲೆಯೊಳಗಿನ ಗಗನ ಮಹಲ್ 1561ರದು. ನಡುವಿನ ಕಮಾನಿನ ಅಗಲವೇ 18 ಮೀಟರಿಗೂ ಹೆಚ್ಚು. ದರ್ಬಾರು ನಡೆಯುತ್ತಿದ್ದ ಈ ಕಟ್ಟಡದಲ್ಲಿಯೇ 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ, ಇನ್ನೂ ತರುಣನಾಗಿದ್ದ ಸಿಕಂದರ್ ಆದಿಲ್‌ಶಾಹ, ಬೆಳ್ಳಿಯ ಸರಪಳಿ ತೊಟ್ಟು ಔರಂಗಜೇಬನ ಮುಂದೆ ನಿಂತನೆಂದು ಹೇಳಲಾಗುತ್ತದೆ. ಇಂದು ಅದರ ಮುಂದೆ ಉದ್ಯಾನವಿದೆ. ಸಂಜೆ ಊರಿನವರು ಬಂದು ಕೂರುತ್ತಾರೆ.

ಗಾಂಧಿ ಚೌಕದ ಸಮೀಪದ ಬಾರಾ ಕಮಾನ್ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿ. ತಂದೆಯ ಗೋಳಗುಮ್ಮಟವನ್ನು ಮೀರಿಸಬೇಕೆಂಬ ಆಸೆಯಿಂದ ಆರಂಭವಾದ ಈ ಕಟ್ಟಡ 1672ರಲ್ಲಿ ಆತ ತೀರಿಕೊಂಡಾಗ ಅರ್ಧಕ್ಕೇ ನಿಂತಿತು. ಕಪ್ಪು ಕಲ್ಲಿನ ಬೆತ್ತಲೆ ಕಮಾನುಗಳು ಆಕಾಶದೆದುರು ಸಾಲಾಗಿ ನಿಂತಿವೆ. ಸಂಜೆಯ ಬೆಳಕು ಇದಕ್ಕೆ ಚೆನ್ನ.

ಪಶ್ಚಿಮದ ಅಂಚು: ತೋಪು, ಬುರುಜು, ಬಾವಡಿ, ರೋಜಾ

ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್, ಉದ್ದ 4.45 ಮೀಟರ್. ಪರಾಂಡಾ ಕೋಟೆಯಿಂದ 1632ರ ವೇಳೆಗೆ ಇಲ್ಲಿಗೆ ತರಲಾಯಿತು. ಬಾಯಿ ತೆರೆದ ಮೃಗದ ಹಲ್ಲುಗಳ ನಡುವೆ ಆನೆಯೊಂದು ಸಿಲುಕಿದಂತೆ ಇದರ ಮೂತಿಯನ್ನು ರೂಪಿಸಲಾಗಿದೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಉಪಯೋಗಕ್ಕೆ ಬಾರದ ವಸ್ತುವೆಂದು ಇದನ್ನು ಹರಾಜಿಗೆ ಹಾಕಿದಾಗ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂಬ ಕಾರಣಕ್ಕೆ ಮಾರಾಟ ರದ್ದಾಗಿ ತೋಪು ಊರಿಗೆ ಉಳಿಯಿತು.

ಸ್ವಲ್ಪ ದೂರದಲ್ಲಿ ಹೈದರ್ ಖಾನ್ 1584ರಲ್ಲಿ ಕಟ್ಟಿಸಿದ ಉಪ್ಪಲಿ ಬುರುಜು ಇದೆ. ಸುಮಾರು 24 ಮೀಟರ್ ಎತ್ತರದ ಈ ದುಂಡು ಗೋಪುರದ ಹೊರಮೈ ಸುತ್ತಿ ಮೆಟ್ಟಿಲು ಏರುತ್ತದೆ. ಮೇಲೆ ಉದ್ದನೆಯ ತೋಪುಗಳಿವೆ. ಇಡೀ ಊರು ಕಾಣುತ್ತದೆ. ಕಡೆಯಲ್ಲಿ ಸಾಕಷ್ಟು ತಡೆಯಿಲ್ಲದ ಮೆಟ್ಟಿಲಾದ್ದರಿಂದ ಎಚ್ಚರ ಅಗತ್ಯ.

ಮೆಕ್ಕಾ ದರವಾಜೆಯ ಸಮೀಪ ತಾಜ್ ಬಾವಡಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಪತ್ನಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ್ದು. ಎರಡು ಅಷ್ಟಕೋನ ಗೋಪುರಗಳ ನಡುವಿನ ಭವ್ಯ ಕಮಾನಿನ ಮೂಲಕ ಇಳಿದರೆ ಕೆರೆಯಂತಹ ಬಾವಿ. ಪ್ರವಾಸಿ ಬಸ್ಸುಗಳು ಇಲ್ಲಿಗೆ ಬರುವುದು ಅಪರೂಪ. ಆದರೆ ವಿಜಯಪುರವನ್ನು ಅರಿಯಲು ಇದೇ ಬೀಗದ ಕೈ. ಮಳೆ ಕಡಿಮೆಯಿರುವ, ದೊಡ್ಡ ನದಿಯಿಲ್ಲದ ಜಾಗದಲ್ಲಿ ರಾಜಧಾನಿಯೊಂದು ಬದುಕಿದ್ದು ನೀರಿನ ಜಾಣ್ಮೆಯಿಂದ. ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕವೂ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕವೂ ನೀರು ಊರಿಗೆ ಬರುತ್ತಿತ್ತು. ನಗರದಲ್ಲಿ ಅಲ್ಲಲ್ಲಿ ಕಾಣುವ, 'ಗಂಜ್' ಎಂದು ಕರೆಯುವ ಚೌಕಾಕಾರದ ಕಲ್ಲುಗೋಪುರಗಳು ಕೊಳವೆಯೊಳಗಿನ ನೀರಿನ ಒತ್ತಡವನ್ನು ತಗ್ಗಿಸಲು ಕಟ್ಟಿದವು. ಆಟೋದಲ್ಲಿ ಸಾಗುವಾಗ ಇವನ್ನು ಗುರುತಿಸುತ್ತ ಹೋದರೆ ಹಳೆಯ ನೀರಿನ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ಕಳೆದ ದಶಕದ ಬರದ ವರ್ಷಗಳಲ್ಲಿ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸಕ್ಕೆ ಆಡಳಿತ ಕೈಹಾಕಿದಾಗ, ಹಿರಿಯರು ಕಟ್ಟಿದ್ದು ಸುಮ್ಮನೆ ಅಲಂಕಾರಕ್ಕಲ್ಲ ಎಂಬುದು ಊರಿಗೆ ಮತ್ತೊಮ್ಮೆ ಮನದಟ್ಟಾಯಿತು. ಬಾವಡಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆಯುವ ಪ್ರವಾಸಿ ಇದನ್ನು ನೆನಪಿಡಬೇಕು.

ಇಬ್ರಾಹಿಂ ರೋಜಾ ದಿನದ ಕೊನೆಯ ನಿಲುಗಡೆಯಾಗಲಿ. ಸಂಗೀತಪ್ರಿಯನೂ 'ಕಿತಾಬ್-ಎ-ನವರಸ್' ಕೃತಿಯ ಕರ್ತೃವೂ ಆದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580-1627) ಮತ್ತು ಆತನ ಕುಟುಂಬದವರ ಸಮಾಧಿಯಿದು. ಜನರು ಆತನನ್ನು 'ಜಗದ್ಗುರು' ಎಂದು ಕರೆದರೆಂಬುದು ಪ್ರತೀತಿ. ಒಂದೇ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿದ್ದು, ನಡುವೆ ಕೊಳವಿದೆ. ಗೋಳಗುಮ್ಮಟದ ಬಲ ಗಾತ್ರದಲ್ಲಿದ್ದರೆ ಇಲ್ಲಿನ ಬಲ ಕುಸುರಿಯಲ್ಲಿ. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳನ್ನು ಒಳಗಿನಿಂದ, ಹೊರಗಿನ ಬೆಳಕಿನೆದುರು ನೋಡಬೇಕು. ಶಿಲ್ಪಿ ಮಲಿಕ್ ಸಂದಲ್‌ನ ಹೆಸರನ್ನು ಇಲ್ಲಿನ ಶಾಸನ ಉಳಿಸಿಕೊಂಡಿದೆ.

ಒಂದು ದಿನ, ಎರಡು ದಿನ

ಒಂದೇ ದಿನ ಇರುವವರು ಹೀಗೆ ಹಂಚಿಕೊಳ್ಳಬಹುದು: ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಗೋಳಗುಮ್ಮಟ, ಉಪಾಹಾರದ ನಂತರ ವಸ್ತುಸಂಗ್ರಹಾಲಯ, ಬಿಸಿಲು ಏರುವ ಮೊದಲು ಜುಮ್ಮಾ ಮಸೀದಿ, ಮೆಹ್ತರ್ ಮಹಲ್, ಅಸಾರ್ ಮಹಲ್. ಮಧ್ಯಾಹ್ನ ಊಟ, ವಿಶ್ರಾಂತಿ. ಮೂರರ ನಂತರ ಮಲಿಕ್-ಎ-ಮೈದಾನ್, ಉಪ್ಪಲಿ ಬುರುಜು, ತಾಜ್ ಬಾವಡಿ, ಇಬ್ರಾಹಿಂ ರೋಜಾ. ಹಿಂದಿರುಗುವಾಗ ಬಾರಾ ಕಮಾನ್.

ಎರಡನೆಯ ದಿನವಿದ್ದರೆ ಗಗನ ಮಹಲ್, ಚಾಂದ್ ಬಾವಡಿ, ಬೇಗಂ ತಲಾಬುಗಳ ಜೊತೆಗೆ ತೊರವಿಗೆ ಹೋಗಬಹುದು. ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿಯ ಊರಿದು. ಇಲ್ಲಿ ನರಸಿಂಹನ ಗುಡಿಯಿದೆ. ಸಮೀಪದಲ್ಲಿಯೇ ಇಬ್ರಾಹಿಂ ಕಟ್ಟಲು ಹೊರಟ ನವರಸಪುರದ ಅವಶೇಷಗಳಿವೆ. ಸಂಗೀತ ಮಹಲ್ ಅವುಗಳಲ್ಲಿ ಮುಖ್ಯವಾದುದು. ಪೂರ್ವದಲ್ಲಿ ಸಿಂದಗಿ ದಾರಿಯ ಕುಮಟಗಿಯಲ್ಲಿ ಜಲಕ್ರೀಡೆಯ ಮಂಟಪಗಳೂ ಮಾಸಿದ ಭಿತ್ತಿಚಿತ್ರಗಳೂ ಇವೆ. ಬಸವಣ್ಣನವರ ಜನ್ಮಸ್ಥಳ ಬಸವನ ಬಾಗೇವಾಡಿ ಸುಮಾರು 45 ಕಿ.ಮೀ.; ಅದೇ ದಿಕ್ಕಿನಲ್ಲಿ ಮುಂದುವರಿದರೆ ಆಲಮಟ್ಟಿ ಜಲಾಶಯ. ನಗರದ ಅಂಚಿನ ಶಿವಗಿರಿಯಲ್ಲಿ 2006ರಲ್ಲಿ ಸ್ಥಾಪನೆಯಾದ 85 ಅಡಿ ಎತ್ತರದ ಶಿವನ ಮೂರ್ತಿ ಮಕ್ಕಳಿಗೆ ಮೆಚ್ಚುಗೆಯಾಗುತ್ತದೆ.

ಊಟ, ವಸತಿ, ಕಾಲಮಾನ

ಬಂದವರು ಖಾನಾವಳಿಯ ಊಟ ತಪ್ಪಿಸಬಾರದು. ಬಿಸಿ ಜೋಳದ ರೊಟ್ಟಿ ಅಥವಾ ಕಡಕ್ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇಲ್ಲಿನ ಊಟದ ಕ್ರಮ. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ. ಜಿಲ್ಲೆ ದ್ರಾಕ್ಷಿ ಹಾಗೂ ಒಣದ್ರಾಕ್ಷಿಗೆ ಹೆಸರಾಗಿದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಊರಿಗೆ ಒಯ್ಯುವುದಾದರೆ ಒಣದ್ರಾಕ್ಷಿ ಒಳ್ಳೆಯ ಆಯ್ಕೆ.

ವಸತಿಗೃಹಗಳು ಸ್ಟೇಷನ್ ರಸ್ತೆ, ಗಾಂಧಿ ಚೌಕ ಹಾಗೂ ಬಸ್ ನಿಲ್ದಾಣದ ಸುತ್ತಮುತ್ತ ಎಲ್ಲ ದರ್ಜೆಯಲ್ಲಿಯೂ ಇವೆ. ಆನಂದ ಮಹಲ್ ರಸ್ತೆಯಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಆದಿಲ್‌ಶಾಹಿ ಇದೆ. ಜನವರಿಯ ಸಂಕ್ರಾಂತಿಯ ವೇಳೆ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಕೋಣೆ ಸಿಗುವುದು ಕಷ್ಟ. ಜಾತ್ರೆಗೆಂದೇ ಬರುವವರು ಮುಂಗಡ ಕಾಯ್ದಿರಿಸಬೇಕು.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಉತ್ತಮ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದರಿಂದ ಮಧ್ಯಾಹ್ನದ ಸುತ್ತಾಟ ಬೇಡ. ಟೋಪಿ, ನೀರು ಜೊತೆಯಲ್ಲಿರಲಿ. ಕಲ್ಲಿನ ಅಂಗಳಗಳಲ್ಲಿ ಬರಿಗಾಲಿನಲ್ಲಿ ನಡೆಯಬೇಕಾದ ಕಡೆ ಕಾಲುಚೀಲ ಉಪಕಾರಕ್ಕೆ ಬರುತ್ತದೆ.

ಕೊನೆಯದಾಗಿ

ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು ಎಂಬ ಶೀರ್ಷಿಕೆಯಡಿ ವಿಜಯಪುರವು ಕಲಬುರಗಿ, ಬೀದರ್, ಹೈದರಾಬಾದ್‌ಗಳ ಜೊತೆ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಪಟ್ಟಿಯ ಮಾತು ಅಧಿಕಾರಿಗಳಿಗೆ ಬಿಟ್ಟದ್ದು. ಆದರೆ ಸ್ಮಾರಕವೊಂದು ಉಳಿಯುವುದು ಬೇಲಿ, ಕಾವಲಿನಿಂದ ಮಾತ್ರವಲ್ಲ. ಅದನ್ನು ಹುಡುಕಿಕೊಂಡು ಬರುವವರಿಂದಲೂ ಹೌದು. ಗೋಳಗುಮ್ಮಟಕ್ಕೆ ಜನರ ಕೊರತೆಯಿಲ್ಲ. ತಾಜ್ ಬಾವಡಿಯ ಮೆಟ್ಟಿಲಿಗೆ, ಮೆಹ್ತರ್ ಮಹಲ್‌ನ ಬಾಗಿಲಿಗೆ, ಓಣಿಯ ನಡುವೆ ನಿಂತ ಹೆಸರಿಲ್ಲದ ಗಂಜ್‌ಗೆ ದಿನಕ್ಕೆ ಹತ್ತು ಮಂದಿ ಬಂದು 'ಇದೇನು?' ಎಂದು ಕೇಳಿದರೂ, ಅದು ಕಾಪಾಡತಕ್ಕ ವಸ್ತು ಎಂಬ ಅರಿವು ಪಕ್ಕದ ಮನೆಯವರಲ್ಲಿ ಮೂಡುತ್ತದೆ. ಮರಳಿ ಹೋಗುವ ಬಸ್ಸನ್ನು ಮಧ್ಯಾಹ್ನಕ್ಕೆ ಬದಲು ರಾತ್ರಿಗೆ ಕಾಯ್ದಿರಿಸಿದರೆ ಸಾಕು, ಅಷ್ಟು ಸಮಯ ದೊರೆಯುತ್ತದೆ.